ಬೆಳಗಿನ ಬಸ್ಸಿನ ‘ಯಾಕೆ’ ಪುಸ್ತಕ

ಕೊರಳಿಗೆ ವಿಸಿಲ್ಲು, ಕೈಗೆ ವಾಚು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತವನನ್ನ ಇಂಥ ಸಂಗತಿಗಳು ತಾವಾಗೇ ಹುಡುಕಿಕೊಂಡು ಬರ್ತವೆ. ನಾನೇನೂ ಹಾಸ್ಯಗಾರನಲ್ಲ. ಸಾಗರದಿಂದ ತೀರ್ಥಹಳ್ಳಿವರೆಗೆ ಸಿಟ್ಟಿನ ಮನುಷ್ಯ ಅಂತಲೇ ನನಗೆ ಹೆಸರು. ಆದರೆ ಆ ಮೂರು ತಿಂಗಳು ನಾನು ಸಿಟ್ಟು ಮಾಡಿದಾಗೆಲ್ಲ ಜನ ನಕ್ಕರು, ಕಡೆಗೆ ನಾನೂ ನಕ್ಕೆ.

ಅರವತ್ತರ ದಶಕದ ಮಾತು. ಸಾಗರದ ಒಬ್ಬ ಸಾಹುಕಾರರ ಹತ್ತಿರ ಮೂರು ಬಸ್ಸಿದ್ದವು, ನಾನು ಅವಕ್ಕೆ ಚೆಕಿಂಗ್ ಇನ್ಸ್‌ಪೆಕ್ಟರು. ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸೇ ನಮ್ಮ ಅನ್ನ. ಅದು ದಿನಾ ಅರ್ಧ ಗಂಟೆ ತಡ. ಆ ದಾರಿಯ ಒಂದು ಶಾಲೆಯ ಹೆಡ್‌ಮಾಸ್ಟರು, ಮೊದಲ ಪೀರಿಯಡ್ ಮುಗಿದ ಮೇಲೆ ನಮ್ಮ ಮೇಷ್ಟ್ರುಗಳು ಬಸ್ಸಿಳಿತಾರೆ ಅಂತ ಅವರದ್ದೂ ಊರಿನ ಗುಮಾಸ್ತರದ್ದೂ ಸಹಿ ಹಾಕಿಸಿ ಸಾರಿಗೆ ಆಫೀಸಿಗೆ ಅರ್ಜಿ ಕಳಿಸಿಬಿಟ್ಟರು. ಅಲ್ಲಿಂದ ಸಾಹುಕಾರರಿಗೆ ಆ ಅರ್ಜಿಯ ನಕಲಿನ ಜೊತೆ ಕಾಗದ ಬಂತು. ಮೂರು ತಿಂಗಳೊಳಗೆ ಬಸ್ಸು ಸಮಯಕ್ಕೆ ಓಡಬೇಕು, ಆಫೀಸಿನ ಸಾಹೇಬರು ಖುದ್ದು ಬಂದು ಪ್ರಯಾಣ ಮಾಡಿ ನೋಡ್ತಾರೆ, ಸರಿಯಿಲ್ಲದಿದ್ದರೆ ಆ ಟ್ರಿಪ್ಪಿನ ಪರ್ಮಿಟ್ಟು ರದ್ದು. ಟ್ರಿಪ್ಪು ಹೋದರೆ ಡ್ರೈವರು, ಕಂಡಕ್ಟರು, ನಾನು, ಮೂವರೂ ಮನೆಗೆ.

ಸಾಹುಕಾರರು ಅದೇ ಹೊತ್ತಿಗೆ ಬೆಂಗಳೂರಿಗೆ ಹೋಗಿ, ನೆಂಟರೊಬ್ಬರು ಕೆಲಸಕ್ಕಿದ್ದ ಕಾರ್ಖಾನೆ ನೋಡಿಕೊಂಡು ಬಂದಿದ್ದರು. ಅಲ್ಲಿ ಒಂದು ಮೊಳೆ ಸೊಟ್ಟಗಾದರೂ ಯಾಕೆ ಸೊಟ್ಟ ಅಂತ ಬರೀತಾರಂತೆ. ಉತ್ತರ ಬಂದರೆ ಬಿಡೋದಿಲ್ಲವಂತೆ, ಅದಕ್ಕೂ ಯಾಕೆ ಅಂತ ಕೇಳ್ತಾರಂತೆ. ಹೀಗೆ ಕೇಳ್ತಾ ಕೇಳ್ತಾ ಬುಡಕ್ಕೆ ಹೋಗಿ ಅಲ್ಲೇ ರಿಪೇರಿ ಮಾಡ್ತಾರಂತೆ. “ಮೊಳೆಗೆ ಮಾಡಿದ್ದನ್ನ ನಾವು ಬಸ್ಸಿಗೆ ಮಾಡಣ” ಅಂತ ಹೇಳಿ ರಟ್ಟಿನ ಒಂದು ಪುಸ್ತಕ ನನ್ನ ಕೈಗಿಟ್ಟರು. ಅದರಲ್ಲಿ ಮೂರು ಕಾಲಂ: ಎಲ್ಲಿ, ಎಷ್ಟು ನಿಮಿಷ, ಯಾಕೆ. ಸಾಗರದಲ್ಲಿ ಬಸ್ಸಿಗೆ ಇಂಥ ಪುಸ್ತಕ ಇಟ್ಟವರು ನಾವೇ ಮೊದಲು. ಇದನ್ನ ನಾನು ಇವತ್ತಿಗೂ ಎದೆ ತಟ್ಟಿ ಹೇಳ್ತೀನಿ.

ಬಟ್ಟೆಮಲ್ಲಪ್ಪದ ಇಡ್ಲಿ

ಮೊದಲ ವಾರ ಕಂಡಕ್ಟರು ಯಾಕೆ ಕಾಲಮ್ಮಿನಲ್ಲಿ ದಿನಾ ಒಂದೇ ಸಾಲು ಬರೆದಿದ್ದ: ‘ತಡವಾಗಿದ್ದರಿಂದ ತಡವಾಯಿತು.’ ನಾನು ಕೆಂಡವಾದೆ. ಇನ್ನು ಪುಸ್ತಕ ನನ್ನ ಕೈಲೇ ಇರಲಿ ಅಂತ ಹೇಳಿ ನಾನೇ ಬಸ್ಸು ಹತ್ತಿದೆ.

ಬಟ್ಟೆಮಲ್ಲಪ್ಪದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಯಾಕೆ? ಡ್ರೈವರ್ ಸಾಬರು ತಿಂಡಿಗೆ ಹೋಗಿದ್ದರು. ತಿಂಡಿಗೆ ಐದು ನಿಮಿಷ ಸಾಕಲ್ಲ, ಹದಿನೈದು ಯಾಕೆ ಅಂತ ಸಾಬರನ್ನ ಕೇಳಿದೆ. ಇಡ್ಲಿ ಇನ್ನೂ ಬೆಂದಿರಲಿಲ್ಲ ಅಂದರು. ಅದ್ಯಾಕೆ ಬೆಂದಿಲ್ಲ ಅಂತ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಟೆಲ್ ಭಟ್ಟರ ಅಡಿಗೆಮನೆಗೇ ನುಗ್ಗಿದೆ. ಭಟ್ಟರು ಸೌಟು ಕೆಳಗಿಡದೆ, ನಿಮ್ಮ ಬಸ್ಸಿನ ಹಾರನ್ನು ಕೇಳಿದ ಮೇಲೇ ನಾನು ಹಿಟ್ಟು ಹೊಯ್ಯೋದು ಅಂದರು. ಅದ್ಯಾಕೆ ಹಾಗೆ ಅಂದೆ.

“ನಿಮ್ಮ ಬಸ್ಸು ಟೈಮಿಗೆ ಬಂದಿದ್ದು ಯಾವತ್ತು ಮಾರಾಯ್ರೆ? ಮುಂಚೆ ಬೇಯಿಸಿಟ್ಟರೆ ಇಡ್ಲಿ ತಣ್ಣಗಾಗ್ತದೆ” ಅಂದರು ಭಟ್ಟರು.

ಬಸ್ಸಿಂದಾಗಿ ಇಡ್ಲಿ ತಡ, ಇಡ್ಲಿಯಿಂದಾಗಿ ಬಸ್ಸು ತಡ. ಬುಡ ಸಿಕ್ಕಿತು ಅಂತ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಭಟ್ಟರ ಹತ್ತಿರ ಒಪ್ಪಂದ ಮಾಡಿಕೊಂಡೆ. ಬಸ್ಸು ಏಳೂವರೆಗೆ ಬರ್ತದೆ, ಇಡ್ಲಿ ಏಳೂಕಾಲಿಗೆ ಬೆಂದಿರಲಿ ಅಂತ. ಮಾರನೇ ದಿನ ಏಳೂವರೆಗೆ ಬಸ್ಸು ಬಂತು. ಇಡ್ಲಿ ಹಬೆಯಾಡ್ತಾ ಇತ್ತು. ಸಾಬರು ಐದು ನಿಮಿಷಕ್ಕೆ ತಿಂದು ಕೈ ತೊಳೆದು ಸೀಟಿಗೆ ಬಂದರು. ನಾನು ಹೆಮ್ಮೆಯಿಂದ ವಿಸಿಲ್ಲು ಬಾಯಿಗಿಟ್ಟು ಸುತ್ತ ನೋಡ್ತೀನಿ, ಹತ್ತೋಕೆ ಒಬ್ಬನೂ ಇಲ್ಲ.

ಊರಿನವರೆಲ್ಲ ಹಾರನ್ನು ಕೇಳಿದ ಮೇಲೇ ಸ್ನಾನಕ್ಕೆ ಇಳಿಯೋರಂತೆ.

ಇಲ್ಲೆ ಮತ್ತು ಇಲ್ಲೇ

ಅದು ಸರಿಯಾಗೋ ಹೊತ್ತಿಗೆ ಹಳೇ ಕಂಡಕ್ಟರು ರಜೆ ಹಾಕಿದ, ಮಂಡ್ಯದ ಕಡೆಯ ಒಬ್ಬ ಹೊಸಬ ಬಂದ. ತುಂಬಾ ಚುರುಕು, ಮರ್ಯಾದಸ್ಥ ಅಂತ ಪುಸ್ತಕ ಅವನ ಕೈಗೇ ಕೊಟ್ಟು ನಾನು ಬಸ್ಸಿಳಿದೆ. ಆದರೆ ಅವನು ಬಂದ ಮೇಲೆ ನಮ್ಮ ಬಸ್ಸು ಮನೆ ಮಠ ಇಲ್ಲದ ಕಡೆಯಲ್ಲೆಲ್ಲ ನಿಲ್ಲೋಕೆ ಶುರುವಾಯ್ತು. ಪುಸ್ತಕದಲ್ಲಿ ‘ಇಳಿಯುವವರು ಹೇಳಿದ್ದರಿಂದ ನಿಲ್ಲಿಸಿದೆ, ಇಳಿಯಲಿಲ್ಲ’ ಅಂತ ದಿನಾ ಮೂರು ನಾಲ್ಕು ಸಲ ಬರೆದಿರ್ತಿದ್ದ. ಇದ್ಯಾವ ದೆವ್ವದ ಕಾಟ ಅಂತ ಸಾಹುಕಾರರು ನನ್ನನ್ನ ಮತ್ತೆ ಬಸ್ಸಿಗೆ ಹತ್ತಿಸಿದರು.

ನಮ್ಮ ಕಡೆ ಅಡಿಕೆ ಬೆಳೆಯೋ ಹವ್ಯಕರ ಮನೆಗಳಲ್ಲಿ ‘ಇಲ್ಲ’ ಅನ್ನೋದಕ್ಕೆ ‘ಇಲ್ಲೆ’ ಅಂತಾರೆ. ಪಾಪ, ಮಂಡ್ಯದವನಿಗೆ ಇದು ಹೇಗೆ ಗೊತ್ತಾಗಬೇಕು? ತಿರುವಿನಲ್ಲಿ ಒಬ್ಬ ಅಜ್ಜಿಯನ್ನ ಅವನು ವಿನಯದಿಂದ ಇಳಿಯೋದಿದ್ಯಾ ಅಂತ ಕೇಳಿದ. ಅಜ್ಜಿ ‘ಇಲ್ಲೆ’ ಅಂದರು. ಇವನು ವಿಸಿಲ್ ಊದಿದ, ಬಸ್ಸು ನಿಂತಿತು. ಇಳೀರಿ ಅಜ್ಜಿ ಅಂದ. ಅಜ್ಜಿ ಮತ್ತೆ ‘ಇಲ್ಲೆ’ ಅಂದರು. ಹೌದಜ್ಜಿ, ಇಲ್ಲೇ ನಿಲ್ಲಿಸಿದೀನಿ, ಇಳೀರಿ ಅಂತ ಇವನು ಅವರ ಚೀಲ ಕೆಳಗಿಳಿಸಿಯೇ ಬಿಟ್ಟ. ಅಜ್ಜಿಗೆ ರೇಗಿತು.

“ಇಲ್ಲೆ ಹೇಳಿ ಹೇಳಿದ್ರೂ ಎಂತಕ್ಕೆ ನಿಲ್ಲಿಸ್ತೆ ಮಾರಾಯಾ?”

ಚೀಲ ನಾನೇ ಹತ್ತಿಸಿದೆ. ಅವತ್ತೇ ಅವನನ್ನ ಕೂರಿಸಿಕೊಂಡು ಪಾಠ ಹೇಳಿದೆ. ನೋಡಪ್ಪಾ, ನಮ್ಮ ಸೀಮೆಯಲ್ಲಿ ‘ಇಲ್ಲೆ’ ಅಂದರೆ ‘ಇಲ್ಲ’ ಅಂತ ತಿಳ್ಕೋ, ವಿಸಿಲ್ಲಿಗೆ ಕೈ ಹಾಕಬೇಡ ಅಂತ. ಹುಷಾರಿನ ಹುಡುಗ, ಒಂದೇ ಸಲಕ್ಕೆ ಕಲಿತ. ಮಾರನೇ ದಿನ ಕೋಣಂದೂರಿನ ಹತ್ತಿರ ಒಬ್ಬ ಮೇಷ್ಟ್ರು ತಮ್ಮ ಶಾಲೆ ಬಂತು ಅಂತ ಎದ್ದು ನಿಂತು ‘ಇಲ್ಲೇ, ಇಲ್ಲೇ’ ಅಂದರಂತೆ. ಇವನು ಪ್ರೀತಿಯಿಂದ ಅವರ ಭುಜ ಹಿಡಿದು ಕೂರಿಸಿ, ಗೊತ್ತಾಯ್ತು ಸಾರ್, ಇಲ್ಲ ತಾನೇ ಅಂದು ರೈಟ್ ಹೇಳಿದ. ಮೇಷ್ಟ್ರು ಒಂದು ಮೈಲಿ ಹಿಂದಕ್ಕೆ ನಡೆದು ಶಾಲೆ ಸೇರಿದರು.

ಆ ದಿನದ ಪುಸ್ತಕದಲ್ಲಿ ‘ಅನಗತ್ಯ ನಿಲುಗಡೆ: ಒಂದೂ ಇಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದ.

ಎರಡನೇ ಅರ್ಜಿ

ಎರಡು ತಿಂಗಳು ತುಂಬೋದರೊಳಗೆ ನಮ್ಮ ಬಸ್ಸು ನಿಮಿಷ ತಪ್ಪದೆ ಓಡೋಕೆ ಶುರುವಾಯ್ತು. ಹೊಸನಗರದಲ್ಲಿ ಬಸ್ಸು ನೋಡಿ ಜನ ಗಡಿಯಾರದ ಟೈಮು ಸರಿ ಮಾಡಿಕೊಳ್ತಿದ್ದರು. ನಾನು ಸ್ಟ್ಯಾಂಡಿನಲ್ಲಿ ಎದೆ ಮುಂದೆ ಮಾಡಿ ಓಡಾಡ್ತಿದ್ದೆ. ನೋಡಿದೋರು ಸೊಕ್ಕು ಅಂದಿರಬಹುದು, ಅನ್ನಲಿ. ದುಡಿದು ಬಂದ ಸೊಕ್ಕು ಅದು.

ಅರ್ಜಿ ಬರೆದ ಹೆಡ್‌ಮಾಸ್ಟರು ಬಂದು ನನ್ನ ಕೈ ಕುಲುಕಿದರು. ಪುಸ್ತಕ ತಿರುವಿ ನೋಡಿ, ಇದು ಶಾಲೆಗೂ ಆಗ್ತದಲ್ಲ ಅಂತ ಅದೇ ಥರದ್ದೊಂದನ್ನ ತಮ್ಮ ಮೇಜಿನ ಮೇಲಿಟ್ಟರು. ತಡವಾಗಿ ಬಂದ ಮೇಷ್ಟ್ರು ಅದರಲ್ಲಿ ಯಾಕೆ ಅಂತ ಬರೀಬೇಕು. ತೊಂದರೆ ಶುರುವಾದದ್ದೇ ಅಲ್ಲಿ. ಅದುವರೆಗೆ ಯಾರು ತಡವಾಗಿ ಬಂದರೂ ‘ಬಸ್ಸು ತಡ’ ಅಂದರೆ ಮುಗೀತಿತ್ತು. ಬಸ್ಸು ಹತ್ತದವರೂ ಅದನ್ನೇ ಹೇಳೋರು. ಶಾಲೆಯ ಹಿಂದಿನ ಬೀದಿಯಲ್ಲಿ ಮನೆಯಿದ್ದ ಡ್ರಾಯಿಂಗ್ ಮೇಷ್ಟ್ರೂ ಹನ್ನೊಂದು ವರ್ಷ ಅದನ್ನೇ ಹೇಳಿಕೊಂಡು ಬಂದಿದ್ದರಂತೆ. ಈಗ ಬಸ್ಸು ಸರಿಯಾಗಿ ಓಡ್ತಾ ಇದೆ, ಏನಂತ ಬರೆಯೋದು?

ಒಂದು ಬೆಳಿಗ್ಗೆ ಮೇಷ್ಟ್ರುಗಳು, ಗುಮಾಸ್ತರು ಹತ್ತು ಹನ್ನೆರಡು ಜನ ಕೂಡಿ ನನ್ನ ಹತ್ತಿರ ಬಂದರು. ಕೈಯಲ್ಲಿ ಒಂದು ಕಾಗದ ಇತ್ತು. ಓದಿದೆ. ಸಾರ್ವಜನಿಕರ ಹಿತದೃಷ್ಟಿಯಿಂದ ಬಸ್ಸನ್ನು ಮೊದಲಿನಂತೆ ಓಡಿಸಬೇಕೆಂದು ಕೋರಿಕೆ. ಕೆಳಗಿನ ಸಹಿಗಳನ್ನ ನೋಡಿದೆ.

ಮೊದಲ ಅರ್ಜಿಗೆ ಹಾಕಿದ್ದ ಅವೇ ಸಹಿಗಳು. ಹೆಡ್‌ಮಾಸ್ಟರದ್ದೊಂದು ಮಾತ್ರ ಇರಲಿಲ್ಲ.

ಸಾಹೇಬರ ಪ್ರಯಾಣ

ಮೂರನೇ ತಿಂಗಳ ಕಡೇ ವಾರ. ಸಾಹೇಬರು ಯಾವ ದಿನ, ಎಲ್ಲಿ ಹತ್ತುತಾರೆ ಅಂತ ಯಾರಿಗೂ ಗೊತ್ತಿಲ್ಲ. ನಾವು ಯಾರೂ ಅವರ ಮುಖ ನೋಡಿದವರಲ್ಲ. ಸಾಬರು ಬಸ್ಸನ್ನ ದಿನಾ ತೊಳೆಸ್ತಿದ್ದರು. ನಾನು ಗಳಿಗೆಗೊಂದು ಸಲ ವಾಚು ನೋಡ್ತಿದ್ದೆ. ಮನೆಯಲ್ಲಿ ಮೂರು ಮಕ್ಕಳು, ಈ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರೋದಿಲ್ಲ.

ಆ ದಿನ ಹೊಸನಗರಕ್ಕೆ ಬಸ್ಸು ಸಮಯಕ್ಕೆ ಬಂತು. ಒಂಬತ್ತು ಹೊಡೆಯಿತು, ವಿಸಿಲ್ ಊದಿದೆ, ಹೊರಟೆವು. ಪ್ರವಾಸಿ ಬಂಗಲೆಯ ಕಡೆಯಿಂದ ಒಬ್ಬರು ಪ್ಯಾಂಟು ಎತ್ತಿ ಹಿಡಿದು ಕೈ ಬೀಸ್ತಾ ಓಡಿಬಂದರು. ಸಾಬರು ಕನ್ನಡಿಯಲ್ಲಿ ನೋಡಿ ನಿಲ್ಲಿಸಲಾ ಅಂದರು. ಬೇಡ, ಟೈಮಂದರೆ ಟೈಮು ಅಂದೆ. ನಿಯಮದ ಪ್ರಕಾರ ಪುಸ್ತಕದಲ್ಲೂ ಬರೆದೆ: ‘ಒಬ್ಬರು ಓಡಿ ಬಂದರು, ನಿಲ್ಲಿಸಲಿಲ್ಲ. ಯಾಕೆ: ಅವರು ತಡ. ಅವರು ಯಾಕೆ ತಡ: ತಿಳಿಯದು, ಕೇಳಬೇಕು.’

ತೀರ್ಥಹಳ್ಳಿಯಲ್ಲಿ ಸಾಹುಕಾರರು ಕಾಯ್ತಾ ಇದ್ದರು. ನಾವು ಮುಟ್ಟಿದ ಅರ್ಧ ಗಂಟೆಗೆ ಮರದ ದಿಮ್ಮಿ ಹೇರಿದ ಒಂದು ನಾಟದ ಲಾರಿ ಬಂದು ನಿಂತಿತು. ಅದರ ಮುಂದಿನ ಸೀಟಿನಿಂದ ಬೆಳಿಗ್ಗೆ ಓಡಿಬಂದ ಅದೇ ಮನುಷ್ಯ ಇಳಿದರು, ಮೈಯೆಲ್ಲ ಕೆಂಪು ಧೂಳು. ಸೀದಾ ಬಂದು ತಾವೇ ಆ ಸಾಹೇಬರು ಅಂತ ಹೇಳಿ ನನ್ನ ಕೈಲಿದ್ದ ಪುಸ್ತಕ ಕೇಳಿದರು. ಸಾಹುಕಾರರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ಮೂರು ಸಂಸಾರದ ಅನ್ನ ನಾನೇ ಬಸ್ಸಿಂದ ಹೊರಗೆ ಬಿಟ್ಟುಬಂದೆನಲ್ಲ ಅಂತ ಅನ್ನಿಸಿ ಕಣ್ಣು ತುಂಬಿತು.

ಸಾಹೇಬರು ಇಡ್ಲಿಯಿಂದ ಹಿಡಿದು ಒಂದೊಂದೇ ಹಾಳೆ ಓದಿದರು. ಕಡೇ ಪುಟಕ್ಕೆ ಬಂದು ತಲೆ ಎತ್ತಿದರು.

“ಕೇಳಬೇಕು ಅಂತ ಬರೆದಿದ್ದೀರಿ. ಕೇಳಿ ಮತ್ತೆ.”

ಇನ್ನೇನು ಹೋಗೋದು ಹೋಯ್ತು ಅಂತ ಪೆನ್ನು ತೆಗೆದೆ. ಯಾಕೆ ತಡವಾಯ್ತು ಸಾರ್ ಅಂದೆ. ತಿಂಡಿ ತಿಂತಾ ಕೂತಿದ್ದೆ ಅಂದರು. ಬರಕೊಂಡೆ. ಅದ್ಯಾಕೆ ಸಾರ್ ಅಂದೆ. ಅವಸರ ಇಲ್ಲ ಅಂದುಕೊಂಡೆ ಅಂದರು. ಅದ್ಯಾಕೆ ಅಂತ ಮತ್ತೆ ಕೇಳಿದೆ, ಬುಡ ಮುಟ್ಟೋವರೆಗೆ ಬಿಡಬಾರದಲ್ಲ. ಸಾಹೇಬರು ಅಂಗಿಯ ಧೂಳು ಕೊಡವಿಕೊಂಡರು.

“ಈ ಬಸ್ಸು ದಿನಾ ಅರ್ಧ ಗಂಟೆ ತಡ ಅಂತ ನನ್ನ ಫೈಲಲ್ಲೇ ಇದೆಯಲ್ಲಪ್ಪಾ.”

ಅದನ್ನೂ ಬರೆದು, ಪ್ರಯಾಣಿಕರ ಸಹಿ ಆಗಬೇಕು ಸಾರ್ ಅಂದೆ. ಅವರು ಪೆನ್ನು ಕಸಿದುಕೊಂಡು ಸಹಿ ಹಾಕಿದರು. ಅದರ ಕೆಳಗೆ, ಪರ್ಮಿಟ್ ಮುಂದುವರಿಸಲು ಅಡ್ಡಿಯಿಲ್ಲ ಅಂತ ಒಂದು ಸಾಲು ಬರೆದರು. ಸಾಬರು ಸ್ಟೇರಿಂಗಿಗೆ ಕೈ ಮುಗಿದರು. ಸಾಹುಕಾರರು ನನ್ನ ಬೆನ್ನಿಗೆ ಕೊಟ್ಟ ಏಟು ಸಂಜೆವರೆಗೂ ನೋಯ್ತಾ ಇತ್ತು. ಅಷ್ಟು ಹೆಮ್ಮೆ ನನಗೆ ನನ್ನ ಮದುವೆ ದಿನವೂ ಆಗಿರಲಿಲ್ಲ.

ವಾಪಸ್ ಬಸ್ಸು ಎಷ್ಟಕ್ಕೆ ಅಂತ ಸಾಹೇಬರು ಕೇಳಿದರು, ಅವರ ಪೆಟ್ಟಿಗೆ ಬಂಗಲೆಯಲ್ಲೇ ಉಳಿದಿತ್ತು. ಎರಡು ಗಂಟೆಗೆ ಅಂದೆ. ಒಂದು ಗಂಟೆಗೆ ನಾನು ಊಟ ಮುಗಿಸಿ ಬಂದು ನೋಡ್ತೀನಿ, ಸಾಬರೂ ಇಲ್ಲ, ಕಂಡಕ್ಟರೂ ಇಲ್ಲ, ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಸಾಹೇಬರೊಬ್ಬರೇ ಬಿಸಿಲಲ್ಲಿ ಬೆವರ್ತಾ ಕೂತಿದ್ದಾರೆ. ಇನ್ನೂ ಒಂದು ಗಂಟೆ ಇದೆ ಸಾರ್, ಊಟ ಮಾಡಿ ಆರಾಮಾಗಿ ಬನ್ನಿ ಅಂದೆ.

“ಬೇಡಪ್ಪಾ,” ಅಂದರು ಸಾಹೇಬರು ಸೀಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡು, “ನೀನು ಬಿಟ್ಟು ಹೋಗ್ತೀಯ.”