ತೀರಿಹೋದವರ ಹಾಜರಿ

ನಮ್ಮ ಮಾಮಾನಿಗೆ ಬದುಕಿದ್ದವರಿಗಿಂತ ತೀರಿಹೋದವರ ಜೊತೆ ಸಲಿಗೆ ಹೆಚ್ಚು. ಗಾಬರಿಯಾಗಬೇಡಿ! ಅವನು ಮಾಟ ಮಂತ್ರದವನಲ್ಲ, ಶಹಾಬಾದಿನ ಒಂದು ಸೇವಾ ಸಂಘದ ಮಾಜಿ ಅಧ್ಯಕ್ಷ. ಎರಡಕ್ಕೂ ಏನು ಫರಕು ಎಂದು ಅವನ ಹೆಂಡತಿ, ನಮ್ಮ ಅತ್ತಿ, ಇರುವ ತನಕ ಕೇಳುತ್ತಲೇ ಇದ್ದಳು.

ಕಣ್ಣಿನ ಶಿಬಿರ, ಬೇಸಿಗೆಗೆ ಕುಡಿಯುವ ನೀರು, ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು: ಸಂಘ ಮಾಡುತ್ತಿದ್ದದ್ದು ಇಷ್ಟು. ಒಂದು ಕಾಲಕ್ಕೆ ವಾಡಿ, ಚಿತ್ತಾಪುರ, ಸೇಡಂ, ಅಷ್ಟು ದೂರದ ಚಿಂಚೋಳಿಯಿಂದಲೂ ಸದಸ್ಯರು ಬರುತ್ತಿದ್ದರಂತೆ. ನನ್ನ ಕಾಲಕ್ಕೆ ಸಭಾಂಗಣದಲ್ಲಿ ಜನರಿಗಿಂತ ಕುರ್ಚಿಗಳೇ ಹೆಚ್ಚು. ಆದರೆ ಮಾಮಾ ಸಭೆ ಶುರುಮಾಡಿದರೆ ಖಾಲಿ ಕುರ್ಚಿಗಳೂ ಮಾತಾಡುತ್ತಿದ್ದವು!

ಯಾಕೆಂದರೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಸಭೆಯ ಮೊದಲು ಮಾಜಿ ಅಧ್ಯಕ್ಷರ ಹಾಜರಿ ಕರೆಯಬೇಕು, ಸತ್ತವರದ್ದೂ ಸೇರಿಸಿ. ಕರೆಯುವವನು ಮಾಮಾ. ಬದುಕಿದ್ದವರು ತಾವೇ ಓಗೊಡುತ್ತಿದ್ದರು. ಸತ್ತವರ ಪರವಾಗಿ ಅವರವರ ದನಿಯಲ್ಲಿ ಓಗೊಡುವವನೂ ಮಾಮಾನೇ.

ಮೊದಲ ಅಧ್ಯಕ್ಷರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಾಹುಕಾರರು. ಕಲ್ಲು ಕೊಯ್ಯುವ ಮಷೀನಿನ ಗದ್ದಲಕ್ಕೆ ಅವರ ಕಿವಿ ಹೋಗಿತ್ತು. ಹಾಗಾಗಿ ಮಾಮಾ ಅವರ ಹೆಸರನ್ನು ಕೂಗಿ ಕೂಗಿ ಕರೆದು, ಕೊನೆಗೆ ಕಿವಿಗೆ ಕೈ ಹಚ್ಚಿ ತಾನೇ "ಹಾಂ? ನನಗೇನು?" ಅನ್ನುತ್ತಿದ್ದ. ಸೇಡಮಿನ ಡಾಕ್ಟರರ ಹೆಸರಿಗೆ ಒಂದು ಗಟ್ಟಿ ಕೆಮ್ಮು. ವಾಡಿಯ ಸ್ಟೇಷನ್ ಮಾಸ್ತರರ ಹೆಸರಿಗೆ ಮಾತ್ರ ಉತ್ತರವೇ ಇಲ್ಲ. ಅವರು ಎಂದಾದರೂ ಹೊತ್ತಿಗೆ ಸರಿಯಾಗಿ ಬಂದಿದ್ದರೆ ತಾನೆ!

ಒಮ್ಮೆ ಹೊಸ ಅಧ್ಯಕ್ಷರ ಪದಗ್ರಹಣಕ್ಕೆ ದೊಡ್ಡ ಅತಿಥಿಯೊಬ್ಬರು ಬಂದಿದ್ದರು. ಅವರ ಭಾಷಣ ಅರ್ಧಕ್ಕೆ ಬಂದಾಗ ಹಿಂದಿನಿಂದ "ಬಂದೆ ಬಂದೆ, ಗಾಡಿ ಲೇಟು!" ಎಂಬ ಕೂಗು. ಅತಿಥಿಗಳು ಮಾತು ನಿಲ್ಲಿಸಿ, "ಪಾಪ, ಅವರಿಗೆ ಒಂದು ಕುರ್ಚಿ ಕೊಡಿ" ಅಂದರು. ಮಾಮಾ ಗಂಭೀರವಾಗಿ ಒಂದು ಖಾಲಿ ಕುರ್ಚಿ ತಂದಿಟ್ಟು, "ಕುಂದ್ರಿ ಮಾಸ್ತರ್ರೆ" ಅಂದ. ಅತಿಥಿಗಳು ಭಾಷಣ ಬೇಗ ಮುಗಿಸಿದರು. ಆ ದಿನದ ದೊಡ್ಡ ಸೇವೆ ಅದೇ ಎಂದು ಸದಸ್ಯರು ಮಾತಾಡಿಕೊಂಡರು.

ನಾನು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ ಬಂದವನು. ಒಂದು ಕಡೆ ನೆಟ್ಟಗೆ ಕೂರಲಾರೆ, ಯಾವುದನ್ನೂ ನೆಟ್ಟಗೆ ನಂಬಲಾರೆ.

"ಮಾಮಾ, ಡಾಕ್ಟರು ಕೆಮ್ಮತಿದ್ದದ್ದು ನನಗ ನೆನಪಿಲ್ಲ. ನೆನಪು ಅನ್ನೋದು ನಂಬೂವಂಥದ್ದಲ್ಲ. ನೆನಸಿದಷ್ಟೂ ಸಲ ಬದಲಾಗ್ತದ."

"ಅಳಿಯಾ, ಗಡಿಯಾರ ತಪ್ಪು ತೋರಸ್ತದಂತ ಹೊತ್ತು ಮುಳಗೋದು ಬಿಡ್ತದೇನು?"

ಸುಮ್ಮನಿರಲಾಗದೆ ಸೇಡಮಿಗೆ ಹೋದಾಗ ಡಾಕ್ಟರರ ಹೆಂಡತಿಯನ್ನೇ ಕೇಳಿದೆ. "ಅವರಿಗೆಲ್ಲಿ ಕೆಮ್ಮು ಇತ್ತಪ್ಪಾ! ಆದ್ರ ಸಭೆಯಾಗ ನಿಮ್ಮ ಮಾಮಾನ ಕೆಮ್ಮು ಕೇಳಿ ಕೇಳಿ, ಈಗ ನನಗೂ ಅವರು ಕೆಮ್ಮಿದಂಗೇ ನೆನಪಾಗ್ತದ. ಮನ್ಯಾಗ ಚಹಾ ಇಡೂವಾಗ ಕೇಳಸ್ತದ ನೋಡು." ಸಾಕ್ಷಿ ಹುಡುಕಲು ಹೋದವನಿಗೆ ಸಿಕ್ಕಿದ್ದು ಇದು! ಅಂದಿನಿಂದ ನನಗೂ ಡಾಕ್ಟರರು ಕೆಮ್ಮುತ್ತಿದ್ದರೇನೋ ಅನ್ನಿಸತೊಡಗಿತು.

ಸಂಘಕ್ಕೆ ಅಧ್ಯಕ್ಷರೇ ಸಿಗದ ವರ್ಷ ಬಂತು. ಆಗ ಅಧ್ಯಕ್ಷನಾಗಿದ್ದ ಮಾಮಾ ತನ್ನ ಕೊರಳಿನ ಅಧ್ಯಕ್ಷಗಿರಿಯ ಸರ ತೆಗೆದು ನನ್ನ ಕೊರಳಿಗೆ ಹಾಕಿದ. "ನೀ ಬರೇ ಹಾಕ್ಕೊಂಡು ಕುಂದ್ರು. ಸಭೆ ಗಂಟಿ ನಾ ಬಾರಸ್ತೀನಿ." ಹಾಗೆಯೇ ನಡೆಯಿತು. ನನ್ನ ಅಧ್ಯಕ್ಷಗಿರಿಯಲ್ಲಿ ನಾನು ಮಾಡಿದ್ದು ಕೊರಳು ಕೊಟ್ಟದ್ದೊಂದೇ. ಆಮೇಲೆ ನಾನೂ ಮಾಜಿಯಾದೆ. ಹಾಜರಿಯಲ್ಲಿ ಮಾಮಾನ ಹೆಸರಿನ ನಂತರದ್ದು ನನ್ನದು. ಕರೆದಾಗ ನಾನು "ಅದೀನಿ ಅನಸ್ತದ್ರಿ" ಅನ್ನುತ್ತಿದ್ದೆ. ನಿಜಕ್ಕೂ ಇದ್ದೇನೆಂದು ಖಾತ್ರಿ ಏನು? ಸದಸ್ಯರು ನಗುತ್ತಿದ್ದರು. ಖಜಾಂಚಿಯಂತೂ ರಸ್ತೆಯಲ್ಲಿ ಕಂಡಾಗಲೂ "ಅದೀರಿ ಅನಸ್ತದೇನ್ರಿ ಸರ್?" ಎಂದೇ ಮಾತಾಡಿಸುತ್ತಿದ್ದ.

ಅತ್ತಿ ತೀರಿಕೊಂಡ ಮೇಲೆ ಒಂದು ಸಂಜೆ ಮಾಮಾನ ಹಿಂದೆಯೇ ಅವನ ಮನೆಗೆ ಹೋದೆ. ಬೀಗ ತೆಗೆದು ಒಳಗೆ ಕಾಲಿಡುತ್ತ ಅವನು "ಬಂದೆ" ಅಂದ. ಆಮೇಲೆ ಸಣ್ಣ ದನಿಯಲ್ಲಿ, ಅತ್ತಿಯ ಹಾಗೆ, "ಚಪ್ಪಲಿ ಹೊರಗ ಬಿಡ್ರಿ" ಅಂದ. ಅಂದು, ಚಪ್ಪಲಿ ಹೊರಗೆ ಬಿಟ್ಟ. ತಿರುಗಿ ನನ್ನನ್ನು ನೋಡಿದ.

"ಇಷ್ಟೂ ಮಂದೀದು ನಾ ಅಂತೀನಿ ಅಳಿಯಾ. ನಂದು ಯಾರಂತಾರ?"

"ನನಗ ಮಿಮಿಕ್ರಿ ಬರಂಗಿಲ್ಲ ಮಾಮಾ" ಅಂದೆ. ಅವನು ನಕ್ಕು ಚಹಾಕ್ಕೆ ನೀರಿಟ್ಟ.

ಹೋದ ಚಳಿಗಾಲದಲ್ಲಿ ಮಾಮಾ ತೀರಿಕೊಂಡ. ನಂತರದ ಸಭೆಗೆ ಬಂದವರು ಕೆಲವೇ ಮಂದಿ. ಹೊಸ ಅಧ್ಯಕ್ಷೆ ಚಿತ್ತಾಪುರದ ಶಿಕ್ಷಕಿ. ಗಂಟೆಯ ಮೇಲೆ ಕೈಯಿಟ್ಟು ನನ್ನತ್ತ ನೋಡಿದರು. "ಸರ್, ಹಾಜರಿ ಕರೀಲೇನ್ರಿ, ಬಿಡಲೇನ್ರಿ?"

"ಕರೀರಿ."

ಸಾಹುಕಾರರ ಹೆಸರು ಬಂತು. ಅಧ್ಯಕ್ಷೆ ಮತ್ತೆ ಮತ್ತೆ ಕರೆದಾಗ, ನನಗೇ ತಿಳಿಯದಂತೆ ನನ್ನ ಕೈ ಕಿವಿಗೆ ಹೋಯಿತು. "ಹಾಂ? ನನಗೇನು?" ಡಾಕ್ಟರರ ಹೆಸರಿಗೆ, ಸುಳ್ಳೆಂದು ಗೊತ್ತಿದ್ದೂ, ಕೆಮ್ಮಿದೆ. ಸ್ಟೇಷನ್ ಮಾಸ್ತರರನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಸುಮ್ಮನಿದ್ದೆ. ಒಂದಿಷ್ಟು ನಗು ಎದ್ದಿತು.

ಆಮೇಲೆ ಮಾಮಾನ ಹೆಸರು ಕರೆದರು.

ಅವನು ತನ್ನ ಹೆಸರಿಗೆ ಏನನ್ನುತ್ತಿದ್ದ? ಎಷ್ಟು ತಡಕಿದರೂ ನೆನಪಾಗಲಿಲ್ಲ. ಎಲ್ಲರ ದನಿಯೂ ಅವನ ಬಾಯಿಂದಲೇ ನನ್ನ ಕಿವಿಯಲ್ಲಿದೆ, ಅವನದೊಂದೇ ಇಲ್ಲ. ಇರುವುದಾದರೂ ಹೇಗೆ? ಅವನ ಸರದಿ ಬಂದಾಗಲೆಲ್ಲ ನಾನು ಶಾಲೆಯ ಹುಡುಗನಂತೆ ಮುಂದೆ ಬರುವ ನನ್ನ ಉತ್ತರಕ್ಕೆ ತಯಾರಾಗುತ್ತಿದ್ದೆ. ಅತ್ತಿತ್ತ ನೋಡಿದೆ. ಉಳಿದವರೂ ನನ್ನನ್ನೇ ನೋಡುತ್ತಿದ್ದರು. ಫರಸಿ ನೆಲದ ಮೇಲೆ ಯಾರೋ ಕುರ್ಚಿ ಸರಿಸಿದ ಸದ್ದು.

ಅಧ್ಯಕ್ಷೆ ಇನ್ನೊಮ್ಮೆ ಕರೆದರು.

"ಇಲ್ಲೇ ಅದಾರ್ರಿ" ಅಂದೆ, ನನ್ನ ದನಿಯಲ್ಲೇ.

ಖಜಾಂಚಿ ಮೆಲ್ಲಗೆ ಕೇಳಿದ: "ಸರ್, 'ಅನಸ್ತದ' ಎಲ್ಲಿ ಹೋತ್ರಿ?"

"ಮುಂದಿನ ಹೆಸರು ಕರೀರಿ" ಅಂದೆ.

ಮುಂದಿನದು ನನ್ನದಾಗಿತ್ತು.