ಸೊಂಡಿಲಿಗೆ ಭಾನುವಾರದ ಸ್ನಾನ

ಇಪ್ಪತ್ತೆಂಟು ವರ್ಷಗಳ ವ್ಯಾಪಾರದಲ್ಲಿ ಪೈಪ್ ಅಂಗಡಿ ಯಜಮಾನರಿಗೆ ಒಂದು ಪೈಪೂ ಎದುರು ಮಾತಾಡಿರಲಿಲ್ಲ. ಎದುರು ಮಾತಾಡುತ್ತಿದ್ದವಳು ಮನೆಯಲ್ಲಿ ಹೆಂಡತಿ ಒಬ್ಬಳೇ. ಅದೂ ಒಂದು ಪೈಪಿನ ದೆಸೆಯಿಂದ.

ಆ ಪೈಪಿನ ಪೂರ್ವವೃತ್ತಾಂತ ಹೀಗಿದೆ. ಯಜಮಾನರ ಗೊರಕೆ ನಿದ್ದೆಯ ನಡುವೆ ಥಟ್ಟನೆ ನಿಲ್ಲುತ್ತಿತ್ತು. ಜೊತೆಗೆ ಉಸಿರೂ ನಿಲ್ಲುತ್ತಿತ್ತು. ಹೆಂಡತಿ ಗಾಬರಿಯಾಗಿ ಎದ್ದು ಕೂತ ಮೇಲೆ ಎರಡೂ ಏನೂ ಆಗೇ ಇಲ್ಲವೆಂಬಂತೆ ವಾಪಸ್ಸಾಗುತ್ತಿದ್ದವು. ಡಾಕ್ಟರು ಸಿಪ್ಯಾಪ್ ಯಂತ್ರ ಬರೆದುಕೊಟ್ಟರು: ಮಂಚದ ಪಕ್ಕ ಕೂತು ಗಾಳಿ ಊದುವ ಒಂದು ಡಬ್ಬಿ, ಅದರಿಂದ ಹೊರಟ ಮಾರುದ್ದದ ಸುರುಳಿ ಪೈಪು, ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ಇಷ್ಟನ್ನೂ ಧರಿಸಿದ ಗಂಡನನ್ನು ಮೊದಲ ಸಲ ನೋಡಿದಾಗಲೇ ಹೆಂಡತಿ 'ಆನೆ' ಎಂದು ನಾಮಕರಣ ಮಾಡಿದಳು. (ಯಂತ್ರಕ್ಕೋ ನನಗೋ ಎಂದು ಯಜಮಾನರು ಕೇಳಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ವ್ಯಾಪಾರಸ್ಥ ಕೇಳುವುದಿಲ್ಲ.) ಜೊತೆಗೆ ಒಂದು ಕರಾರನ್ನೂ ಹಾಕಿದಳು: ಗೊರಕೆ ಮತ್ತೆ ಕೇಳಿದ ದಿನ ಯಜಮಾನರ ಹಾಸಿಗೆ ಅಂಗಡಿಯ ಗೋಡೌನಿಗೆ.

ಆನೆ ಬಂದದ್ದು ಗಂಡನಿಗೆ, ಅದರ ಚಾಕರಿ ಬಂದದ್ದು ಹೆಂಡತಿಗೆ. ದಿನಾ ಬೆಳಿಗ್ಗೆ ಮಾಸ್ಕು ಒರೆಸಬೇಕು, ಗಾಳಿ ತೇವವಾಗಿರಲೆಂದು ಡಬ್ಬಿಯಲ್ಲಿ ತುಂಬಿದ ನೀರು ಚೆಲ್ಲಬೇಕು. ಭಾನುವಾರ ಪೈಪನ್ನು ಉಗುರುಬೆಚ್ಚಗಿನ ಸೋಪುನೀರಲ್ಲಿ ಅದ್ದಿ, ಅಲ್ಲಾಡಿಸಿ, ಜಾಲಿಸಿ, ಬಿಸಿಲು ತಾಗದ ಹಾಗೆ ಬಚ್ಚಲ ಸರಳಿಗೆ ನೇತುಹಾಕಬೇಕು. ವಾರವಿಡೀ ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿದ ಬೆನ್ನು ಭಾನುವಾರ ಬಕೀಟಿನ ಮುಂದೆ ಬಗ್ಗುತ್ತಿತ್ತು. ವರ್ಷ ತುಂಬಿದ ಮೇಲೆ ಒಂದು ಭಾನುವಾರ ಬೆನ್ನು ಒಪ್ಪಲಿಲ್ಲ.

"ರೀ, ಇವತ್ತು ನನ್ ಕೈಲಾಗಲ್ಲ. ನಿಮ್ಮ ಸೊಂಡಿಲು ನೀವೇ ತೊಳ್ಕೊಳ್ಳಿ."

"ಕೊಡು ಇಲ್ಲಿ. ಊರಿಗೆಲ್ಲ ಪೈಪ್ ಮಾರೋನಿಗೆ ಒಂದು ಪೈಪ್ ತೊಳೆಯೋದು ಮಹಾ ಕೆಲಸಾನಾ?"

"ಮಾರೋದು ಬೇರೆ, ತೊಳೆಯೋದು ಬೇರೆ. ಕುದಿಯೋ ನೀರು ಬೇಡ, ಬ್ಲೀಚು ಬೇಡ. ನಿಮ್ಮ ಬುದ್ಧಿವಂತಿಕೆಯಂತೂ ಬೇಡವೇ ಬೇಡ."

"ಮೊದಲಿನ ಎರಡು ಹಾಕಲ್ಲ ಬಿಡು."

ನಿಜ ಹೇಳಬೇಕೆಂದರೆ ಯಜಮಾನರು ಚೆನ್ನಾಗಿಯೇ ತೊಳೆದರು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇಲ್ಲ. ಆದರೆ ಅವರ ಅಂಗಡಿಯಿಂದ ಸೋರಿಕೆ ಪರೀಕ್ಷೆಯಾಗದ ಪೈಪು ಹೊರಗೆ ಹೋದದ್ದಿಲ್ಲ. ಒಂದು ಬಾಯಿ ಮುಚ್ಚು, ನೀರಲ್ಲಿ ಮುಳುಗಿಸು, ಇನ್ನೊಂದು ಬಾಯಿಂದ ಊದು. ಗುಳ್ಳೆ ಬಂದರೆ ಮಾಲು ಕೆಟ್ಟದ್ದು. ಮಾಸ್ಕನ್ನು ಪೈಪಿಗೆ ಸಿಕ್ಕಿಸಿ, ಮೂಗಿನ ಕಡೆಗೆ ಅಂಗೈ ಒತ್ತಿ, ಬಕೀಟಿಗಿಳಿಸಿ ಊದಿದರು. ಗುಳುಗುಳು ಎಂದು ಗುಳ್ಳೆಗಳ ಮೆರವಣಿಗೆಯೇ ಹೊರಟಿತು! ಪೈಪು ನಿರಪರಾಧಿ. ಮಾಸ್ಕಿನ ಮುಂದುಗಡೆ ಸೂಜಿಯಿಂದ ಚುಚ್ಚಿದಂಥ ತೂತುಗಳು, ಒಂದಲ್ಲ ಎರಡಲ್ಲ, ಒಂದು ಸುತ್ತು.

ಒಂದು ವರ್ಷದಿಂದ ಸೋರುವ ಮಾಲು ಮೂಗಿನ ಮೇಲಿಟ್ಟುಕೊಂಡು ಮಲಗಿದ್ದೆನಲ್ಲ ಎಂದು ಅವರ ವೃತ್ತಿಗೌರವಕ್ಕೆ ಭಾರೀ ಪೆಟ್ಟು ಬಿತ್ತು. ಅಂಗಡಿಯಿಂದ ಅಂಟು ತಂದರು. ಎರಡು ಬಣ್ಣದ ಮುದ್ದೆ, ಕಲಸಿ ಮೆತ್ತಿದರೆ ಹತ್ತು ನಿಮಿಷಕ್ಕೆ ಕಲ್ಲಾಗುವಂಥದ್ದು. ಒಂದು ತೂತನ್ನೂ ಬಿಡಲಿಲ್ಲ.

ಊಟವಾದ ಮೇಲೆ ಮಂಚದ ಮೇಲೆ ಪ್ರಾತ್ಯಕ್ಷಿಕೆ.

"ನೋಡ್ತಿರು, ಇವತ್ತಿಂದ ಪೂರ್ತಿ ಗಾಳಿ, ಪೂರ್ತಿ ನಿದ್ದೆ."

ಮೊದಲನೆಯ ಉಸಿರು ಭರ್ಜರಿಯಾಗಿತ್ತು. ಎರಡನೆಯದು ಅನುಮಾನಾಸ್ಪದ. ಹೊರಗೆ ಬಿಟ್ಟ ಉಸಿರು ಅಂಗಡಿಗೆ ವಾಪಸ್ ಬಂದ ಮಾಲಿನಂತೆ ಮತ್ತೆ ಮೂಗಿಗೇ ಬಂತು. ನಾಲ್ಕನೆಯದಕ್ಕೆ ಯಜಮಾನರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೆಂಡತಿ ಹಾರಿ ಬಂದು ಮಾಸ್ಕು ಕಿತ್ತಳು.

"ಏನ್ ಮಾಡಿದ್ರಿ ಇದಕ್ಕೆ?"

"ರಿಪೇರಿ."

ಯಂತ್ರ ಮಾರಿದ ಅಂಗಡಿಗೆ ಫೋನು ಹೋಯಿತು. ಭಾನುವಾರವೂ ಡ್ಯೂಟಿಯಲ್ಲಿದ್ದ ಹೆಣ್ಣುಮಗಳೊಬ್ಬಳ ದಣಿದ ದನಿ.

"ಸರ್, ಯಂತ್ರ ಗಾಳಿ ಒಳಗೆ ಊದುತ್ತೆ. ನೀವು ಬಿಟ್ಟ ಉಸಿರು ಹೊರಗೆ ಹೋಗೋಕೆ ಅಂತಾನೇ ಆ ತೂತುಗಳಿರೋದು. ಅದನ್ನೇನಾದ್ರೂ ಮುಚ್ಚಿದ್ರಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಎಲ್ಲಾ."

ಆ ಕಡೆ ದೀರ್ಘ ನಿಟ್ಟುಸಿರು. (ಅವಳ ಉಸಿರಿಗೆ ದಾರಿಯಿತ್ತು.) "ಇನ್ನು ಅದನ್ನ ಮುಟ್ಟಲೇಬೇಡಿ, ಎಸೀರಿ. ಹೊಸದು ಬರೋಕೆ ಮೂರು ದಿನ ಬೇಕು. ಅಲ್ಲೀವರೆಗೂ ಮಗ್ಗುಲಾಗಿ ಮಲಗಿ, ಯಾರಾದ್ರೂ ಪಕ್ಕದಲ್ಲಿರಲಿ."

"ಹಳೇದು ವಾಪಸ್..."

"ಗಿರಾಕಿ ಕೈಯಾಡಿಸಿದ ಮಾಲು ಹಿಂದಕ್ಕೆ ತಗೊಳ್ಳಲ್ಲ ಸರ್."

ಯಜಮಾನರು ಫೋನು ಕೆಳಗಿಟ್ಟರು. ಇದೇ ವಾಕ್ಯ ಕೆಂಪು ಅಕ್ಷರದಲ್ಲಿ ಅವರದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಬೋರ್ಡಾಗಿ ನೇತಾಡುತ್ತಿತ್ತು. ಸ್ವಹಸ್ತಾಕ್ಷರ.

ಮಾಸ್ಕಿಲ್ಲದ ಮೇಲೆ ಗೊರಕೆ ಖಚಿತ; ಕರಾರಿನಂತೆ ಆ ಸಂಜೆಯೇ ಹಾಸಿಗೆ ಗೋಡೌನಿಗೆ ಹೊರಟಿತು.

"ಉಸಿರು ನಿಂತ್ರೆ ಯಾರು ನೋಡ್ತಾರೆ?" ಎಂದರು ಯಜಮಾನರು, ಸ್ವಲ್ಪ ಕರುಣೆ ಹುಟ್ಟಲಿ ಎಂದು.

"ಗೋಡೌನಿನ ಕಾವಲುಗಾರ ಇದ್ದಾನಲ್ಲ, ತಟ್ಟಿ ಎಬ್ಬಿಸ್ತಾನೆ. ಎಚ್ಚರ ಇರೋದಕ್ಕೆ ಅವನಿಗೆ ಸಂಬಳ ಇದೆ. ನನಗಿಲ್ಲ."

ಮೂರನೆಯ ಬೆಳಿಗ್ಗೆ ಕಾವಲುಗಾರ ಕೆಂಗಣ್ಣು ಬಿಟ್ಟುಕೊಂಡು ಬಂದ. "ಯಜಮಾನ್ರೇ, ಕಳ್ಳರನ್ನ ಕಾಯೋ ಕೆಲಸ ಎಷ್ಟಾದ್ರೂ ಮಾಡ್ತೀನಿ. ಇದು ಬೇಡ" ಎಂದ. ಪುಣ್ಯಕ್ಕೆ ಮಾಸ್ಕೂ ಅವತ್ತೇ ಬಂತು.

ಮುಂದಿನ ಭಾನುವಾರ ಯಜಮಾನರು ಬಚ್ಚಲಿಗೆ ಹೋದರೆ ಬಕೀಟು, ಸೋಪುನೀರು ಸಿದ್ಧವಾಗಿದ್ದವು. ಸರಳಿನ ಮೇಲೆ ಅಂಗಡಿಯ ಅದೇ ಕೆಂಪು ಅಕ್ಷರದ ಬೋರ್ಡು ತೂಗುತ್ತಿತ್ತು.

"ಇದ್ಯಾಕೆ ಇಲ್ಲಿ?"

"ಇಲ್ಲಿ ಗಿರಾಕಿ ನೀವೇ ಅಲ್ವಾ? ಕೈಯಾಡಿಸ್ಬೇಡಿ, ಬರೀ ತೊಳೀರಿ. ಇನ್ಮೇಲೆ ಪ್ರತಿ ವಾರ ನಿಮ್ದೇ" ಎಂದು ಹೆಂಡತಿ ಮಂಚದ ಮೇಲೆ ಬೆನ್ನು ಚಾಚಲು ಹೋದಳು.

ಯಜಮಾನರು ಕುಕ್ಕರುಗಾಲಲ್ಲಿ ಕೂತು ಸೊಂಡಿಲಿಗೆ ಸ್ನಾನ ಮಾಡಿಸಿದರು. ಮಂಡಿ ನೋಯುತ್ತಿತ್ತು. ಸುರುಳಿಯ ಸಂದುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಷ್ಟರಲ್ಲಿ ಕೋಣೆಯಿಂದ ಒಂದು ಶಬ್ದ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಧಾರಾಳವಾಗಿ: ಹೆಂಡತಿಯ ಗೊರಕೆ! ಯಜಮಾನರ ಮುಖ ಅರಳಿತು. ಎಬ್ಬಿಸಿ ಹೇಳಿಯೇಬಿಡೋಣ ಎಂದು ಒದ್ದೆ ಕಾಲಲ್ಲೇ ಬಾಗಿಲವರೆಗೆ ಹೋದರು.

ಅಲ್ಲಿ ನಿಂತು ಒಂದು ಕ್ಷಣ ಯೋಚಿಸಿದರು. ಹೇಳಿದರೆ ಡಾಕ್ಟರು. ಡಾಕ್ಟರೆಂದರೆ ಮನೆಗೆ ಇನ್ನೊಂದು ಆನೆ. ಆನೆಯೆಂದರೆ ಇನ್ನೊಂದು ಸೊಂಡಿಲು.

ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದು, ಕೈಯಲ್ಲಿದ್ದ ಒಂದೇ ಸೊಂಡಿಲನ್ನು ಸರಳಿಗೆ ನೇತುಹಾಕಿದರು.