ಮೂರು ಸಲ ತೊಳೆದ ಬಾಟಲಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ವಸತಿ ಸೊಸೈಟಿಯೊಂದರ ಕಾರ್ಯದರ್ಶಿ ಮುರಾರಿ ರಾಯರು ಮೂವತ್ತು ವರ್ಷ ಉಡುಪಿ ಹೋಟೆಲ್ ನಡೆಸಿದವರು. ಮೂರು ಸಲ ತೊಳೆಯದ ಪಾತ್ರೆಗೆ ನೀರು ತುಂಬಿದ ಪಾಪ ಅವರ ಮೇಲಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕ್ಲೋರಿನ್ ನೀರಿನಲ್ಲಿರುವ ಕೊಳೆತ ಎಲೆಯಂಥ ಅಂಶಗಳ ಜತೆ ಸೇರಿ ಟ್ರೈಹ್ಯಾಲೋಮೀಥೇನ್ ಆಗುತ್ತದೆ, ವರ್ಷಗಟ್ಟಲೆ ಮಿತಿ ಮೀರಿ ಕುಡಿದರೆ ಕ್ಯಾನ್ಸರ್ ಅಪಾಯ ಹೆಚ್ಚಬಹುದು ಎಂದು ಓದಿದ ರಾಯರು, ಸೋಮವಾರ ಮಹಾಪೆಯ ಲ್ಯಾಬಿನವರೇ ಕೊಟ್ಟಿದ್ದ ಬಾಟಲಿಯಲ್ಲಿ ನಲ್ಲಿನೀರು ತುಂಬಿ ಪರೀಕ್ಷೆಗೆ ಕೊಟ್ಟು ಬಂದರು. ದಾರಿಯಲ್ಲಿ ಸಿಕ್ಕ, ಸೊಸೈಟಿಯ ಪಂಪು, ನೀರಿನ ಟಾಕಿ ನೋಡಿಕೊಳ್ಳುವ ಬಾಲಪ್ಪನಿಗೂ ಇದನ್ನೆಲ್ಲ ವಿವರಿಸಿದರು.

ಭಾನುವಾರ ಬೆಳಿಗ್ಗೆ ವರದಿ ಬಂತು: ಮಿತಿಯ ಇಮ್ಮಡಿ! ವಾಟ್ಸಾಪಿಗೆ ಹಾಕಿದರು. ‘ರಾಯರು ಹೇಳಿದರೆ ಖಾತ್ರಿ’ ಎಂಬ ಮಾತೇ ಅವರ ಆಸ್ತಿ. ಹನ್ನೊಂದರೊಳಗೆ ಇಡೀ ಸೊಸೈಟಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಪಾರ್ಕಿಂಗ್‌ನಲ್ಲಿ ಸೇರಿತ್ತು.

“ಲ್ಯಾಬಿನವರನ್ನೇ ಕೇಳುವಾ ಮಾರಾಯ್ರೆ,” ಎಂದರು ಎರಡನೇ ಮಹಡಿಯ ಪ್ರಭಾ.

ರಾಯರು ಲ್ಯಾಬಿನ ಸುಮೇಧಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಸರ್, ಬಾಟ್ಲಿಯಲ್ಲಿ ಬಿಳಿ ಪುಡಿ ಇತ್ತಲ್ಲ?”

“ಇತ್ತು. ಲ್ಯಾಬ್ ಅಂತೀರಿ, ಅಷ್ಟು ಗಲೀಜು! ಮೂರು ಸಲ ತೊಳೆದೆ.”

“ಅಯ್ಯೋ ಸರ್, ಅದು ಕ್ಲೋರಿನ್ ಕೆಲಸ ನಿಲ್ಸೋ ಪುಡಿ. ಅದಿಲ್ದಿದ್ರೆ ಟೆಸ್ಟ್ ಮಾಡೋ ತನಕ ಬಾಟ್ಲಿಯೊಳಗೇ ಟ್ರೈಹ್ಯಾಲೋಮೀಥೇನ್ ಹೆಚ್ಚಾಗ್ತಾ ಹೋಗುತ್ತೆ. ಈ ನಂಬರ್ ನಂಬೋ ಹಾಗಿಲ್ಲ. ತೊಳೀಬೇಡಿ ಅಂತ ಲೇಬಲ್ ಇತ್ತಲ್ಲ?”

“ಲೇಬಲ್... ಎರಡನೇ ಸಲಕ್ಕೇ ಎದ್ದು ಹೋಯ್ತು.”

ಪಾರ್ಕಿಂಗ್ ನಕ್ಕಿತು. ರಾಯರ ಮುಖ ಕಾವಲಿಯ ಮೇಲಿನ ದೋಸೆಯಂತೆ ಅಂಚಿನಿಂದ ಕೆಂಪಾಗತೊಡಗಿತು.

“ತಪ್ಪಾಯ್ತು,” ಎಂದು ಕೈಮುಗಿದರು. ತಲೆ ಎತ್ತಲಾಗಲಿಲ್ಲ.

“ನನ್ನ ಎರಡು ಡ್ರಮ್ ನೀರು ಹೋಯ್ತಲ್ಲ!” ಎಂದು ಪ್ರಭಾ ಸಿಡುಕಿದರು.

ಮೊದಲು ರಾಯರೇ ಕುಡಿದು ತೋರಿಸಲಿ ಎಂದು ಅಧ್ಯಕ್ಷ ದಿಲೀಪ ಕೈಕಟ್ಟಿ ನಿಂತ. “ಶೇಠ್, ಅಬ್ ಪೆಹಲೇ ಆಪ್ ಪೀಕೇ ದಿಖಾವೋ.”

ನಾಚಿಕೆ ತೊಳೆದುಹೋಗುವುದಾದರೆ ರಾಯರು ಇಡೀ ಟಾಕಿ ಕುಡಿಯಲೂ ಸಿದ್ಧರಿದ್ದರು. ಪಾರ್ಕಿಂಗ್‌ನ ನಲ್ಲಿಯಲ್ಲೇ ಲೋಟವೊಂದನ್ನು ಮೂರು ಸಲ ತೊಳೆದು, ತುಂಬಿಸಿ, ಗಟಗಟನೆ ಕುಡಿದರು. ಇನ್ನೊಂದು ಲೋಟವೂ ಆಯಿತು. ಯಾರೋ ಚಪ್ಪಾಳೆ ತಟ್ಟಿದರು.

ಆಗ ಹಿಂದಿನಿಂದ ಬಾಲಪ್ಪನ ಧ್ವನಿ ಕೇಳಿತು. “ಸಾಹೇಬ್ರ, ಹಂಗಾದ್ರ ಟಾಕಿಗೆ ಕ್ಲೋರಿನ್ ಗುಳಿಗಿ ಮತ್ತ ಹಾಕ್ಲೇನ್ರೀ?”

“ಮತ್ತೆ ಅಂದ್ರೆ?”

“ಸೋಮವಾರದಿಂದ ಬಂದ್ ಮಾಡೀನ್ರೀ. ನೀವ ಅಂದ್ರಲ್ಲ, ಕ್ಲೋರಿನ್ನೇ ವಿಷ ಅಂತ. ಟಾಕಿ ಮ್ಯಾಲಿನ ಮುಚ್ಚಳಾನೂ ಒಡದದ, ಪಾರಿವಾಳ ಭಾಳ ಕೂಡ್ತಾವ.”

ರಾಯರು ಖಾಲಿ ಲೋಟ ನೋಡಿದರು. ಎಲ್ಲರೂ ರಾಯರ ಹೊಟ್ಟೆ ನೋಡಿದರು.

“ಲೋಟ ಮಾತ್ರ ಚೊಕ್ಕ ಉಂಟು ಮಾರಾಯ್ರೆ,” ಎಂದರು ಪ್ರಭಾ.